ಅವ್ವ ಬಿಟ್ಟ ಹೆಸರು

ಸಂಡೇ ಸ್ಕೂಲ್ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೇನೆ. ಹತ್ತು ಆಜ್ಞೆಗಳಲ್ಲಿ ಪಾಲಿಸಲು ಸುಲಭವಾದದ್ದು ಯಾವುದು ಎಂದು ಕೇಳಿದ್ದೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಉತ್ತರ: ಕೊಲೆ ಮಾಡಬಾರದು ಎಂಬುದು. ಒಬ್ಬಳಂತೂ ‘ನಮ್ಮ ಮನ್ಯಾಗ ಯಾರೂ ಮಾಡಿಲ್ಲ’ ಎಂದು ಸಾಕ್ಷಿ ಬೇರೆ ಕೊಟ್ಟಿದ್ದಾಳೆ. ಅವಳ ವಯಸ್ಸಿನಲ್ಲಿ ನಾನೂ ಹೀಗೇ ಬರೆಯುತ್ತಿದ್ದೆ.

ನಮ್ಮ ಮನೆಯ ಸಂಜೆ ಪ್ರಾರ್ಥನೆಯ ಸಂಗತಿ ನಿಮಗೆ ಹೇಳಬೇಕು. ನಮ್ಮೂರು ಸರಸಂಬಾದಲ್ಲಿ ಅವ್ವ ಕೂಲಿಯಿಂದ ಬಂದು, ರೊಟ್ಟಿ ಬಡಿಯುವ ಮುಂಚೆ ಮಂಡಿಯೂರಿ, ಬಂಧುಗಳ ಹೆಸರು ಒಂದೊಂದಾಗಿ ಹೇಳಿ ಕಾಪಾಡಪ್ಪಾ ಎನ್ನುತ್ತಿದ್ದಳು. ಕೊನೆಗೆ ಎಮ್ಮೆಯ ಸರದಿಯೂ ಬರುತ್ತಿತ್ತು. ಯಾರಾದರೂ ತೀರಿಕೊಂಡರೆ ಆ ಹೆಸರು ಬಿಡುತ್ತಿದ್ದಳು. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯ ಪದ್ಧತಿಯಲ್ಲ.

ನಾನು ಏಳನೇ ತರಗತಿ ಪಾಸಾದಾಗ ಅವ್ವನ ಒಬ್ಬನೇ ತಮ್ಮ, ಜೇವರ್ಗಿಯ ಮಾಮಾ, ಬಂದಿದ್ದ. ಊಟಕ್ಕೆ ಕೂತವನು ಸುಮ್ಮನಿರದೆ, “ಕೂಲಿ ಮಾಡೋರ ಮಕ್ಳಿಗಿ ಹೈಸ್ಕೂಲ್ ಯಾಕಬೇ ಅಕ್ಕಾ? ನನ್ನ ಜೋಡಿ ಕಳಸು, ಗೌಂಡಿ ಕೆಲಸ, ಗ್ವಾಡಿ ಕಟ್ಟೋದು ಕಲೀತಾನ” ಅಂದ. ಅವ್ವ ಅವನ ಮುಂದಿದ್ದ ತಾಟು ಎತ್ತಿ ಒಳಗಿಟ್ಟಳು. ಅಂದಿನಿಂದ ಪ್ರಾರ್ಥನೆಯಲ್ಲಿ ಮಾಮಾನ ಹೆಸರು ಬರಲಿಲ್ಲ. ಎಮ್ಮೆ ಮಾತ್ರ ತಪ್ಪದೆ ಬರುತ್ತಿತ್ತು.

ಮಾಮಾ ಸತ್ತಿದ್ದಾನೆ, ನನಗೆ ಹೇಳಿಲ್ಲ ಎಂದು ತೀರ್ಮಾನಿಸಿದೆ. ಭಾನುವಾರ ಆರಾಧನೆ ಮುಗಿದ ಮೇಲೆ, ಅವ್ವನ ಮುಂದೆ ಎತ್ತಬೇಡಿ ಎಂದು ಹೇಳಿ, ಪಾಸ್ಟರ್ ಅಯ್ಯನವರ ಕಿವಿಗೆ ಹಾಕಿದೆ. ಪಾಪ, ಅವರು ಎರಡು ಬಸ್ಸು ಬದಲಿಸಿ ಮಾಮಾನ ಮನೆಯವರಿಗೆ ಸಾಂತ್ವನ ಹೇಳಲು ಜೇವರ್ಗಿಗೆ ಹೋದರು. ಬಾಗಿಲು ತೆಗೆದವನು ಸ್ವತಃ ಮಾಮಾ, ಗಲ್ಲದ ತುಂಬ ದಾಡಿ ಸೋಪು.

ತಿರುಗಿ ಬಂದ ಅಯ್ಯನವರು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕುಡಿದರು.

“ನಿನ್ನ ತಮ್ಮ ಚಹಾ ಚಲೋ ಮಾಡ್ತಾನವ್ವಾ. ಸತ್ತವ್ರು ಅಷ್ಟು ಸಕ್ಕರಿ ಹಾಕಂಗಿಲ್ಲ.”

ಅವ್ವ ನನ್ನ ಕಡೆ ತಿರುಗಿದಳು. “ಅವ ಸತ್ತಾನಂತ ಯಾರ್ ಹೇಳ್ಯಾರಲೇ ನಿನಗ?”

“ನೀನ ಹೆಸ್ರು ಬಿಟ್ಟಿಯಲ್ಲ ಯವ್ವಾ!”

ಅಯ್ಯನವರು ನಗಲಿಲ್ಲ. ಒಡಹುಟ್ಟಿದವರ ಮೇಲೆ ಸಿಟ್ಟು ಕಟ್ಟಿಕೊಂಡವರನ್ನೂ ಯೇಸು ಕೊಲೆಗಾರರ ಸಾಲಿನಲ್ಲೇ ನಿಲ್ಲಿಸಿದ್ದನ್ನು ನೆನಪಿಸಿದರು. “ಕೈಯಾಗ ಕೊಡ್ಲಿ ಇರಬೇಕಂತೇನಿಲ್ಲವ್ವಾ.”

“ನಾ ಏನ್ ಮಾಡೇನ್ರಿ? ಬಡದೇನೇನ್ರಿ? ಹೆಸ್ರು ಬಿಟ್ಟೇನಷ್ಟ.”

“ಅದನ್ನ ಹೇಳಾಕತ್ತೇನಿ.”

ಅವ್ವ ಜಗ್ಗಲಿಲ್ಲ. ಎಂಟು ವರ್ಷ ಜಗ್ಗಲಿಲ್ಲ. ನನ್ನ ಡಿಗ್ರಿ ರಿಸಲ್ಟ್ ಬಂದ ಸಂಜೆ, ಎಮ್ಮೆಯ ಹೆಸರಾದ ಮೇಲೆ ತಮ್ಮನ ಹೆಸರು ಹೇಳಿದಳು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಅದು ಎತ್ತಿಟ್ಟ ಆ ತಾಟಿನ ಮೇಲೆ ನಿಂತಿದೆ ಎಂಬುದೂ ಗೊತ್ತಿದೆ. ಗೆದ್ದ ಮೇಲೆ ಕ್ಷಮಿಸುವುದೇನು ದೊಡ್ಡದು ಎಂದು ಆಗ ಓದಿದವನ ಜಾಣತನದಲ್ಲಿ ಅಂದುಕೊಂಡೆ.

ಹೋದ ವರ್ಷ ಮಾಮಾ ನಿಜವಾಗಿಯೂ ತೀರಿಕೊಂಡ. ಅವ್ವ ಈಗ ಅಫಜಲಪುರದಲ್ಲಿ ನನ್ನ ಜೊತೆಗಿದ್ದಾಳೆ. ತಮ್ಮ ಸತ್ತಿದ್ದರೂ ಪ್ರತಿ ಸಂಜೆ ಅವನ ಹೆಸರು ಹೇಳುತ್ತಾಳೆ. ನಾನು ಸಂಡೇ ಸ್ಕೂಲ್ ಮಾಸ್ತರ, ತಿದ್ದುವುದು ಚಟ. “ಯವ್ವಾ, ಸತ್ತವ್ರ ಹೆಸ್ರು ಹೇಳಂಗಿಲ್ಲ” ಎಂದೆ.

“ಗೊತ್ತದ. ಬದುಕಿದ್ದಾಗ ಸಾಯ್ಸಿದ್ದೆ. ಈಗ ಸತ್ತಾನಂತ ಮತ್ತೊಮ್ಮೆ ಬಿಡಲೇನು?”

ಇವತ್ತೂ ಒಳಕೋಣೆಯಿಂದ ಆ ಹೆಸರು ಕೇಳಿಸಿತು. ಕೂತಲ್ಲಿಂದಲೇ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, ಆಮೆನ್ ಅಂದೆ.