ಮಂತ್ರಿಗೆ ಒಂದು ಪ್ರಶ್ನೆ

ಜಗಳದಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಳದ ನೀರಿನ ಸರದಿಯಿಂದ ಹಿಡಿದು ಕ್ರಿಕೆಟ್ ಅಂಪೈರನ ತೀರ್ಪಿನವರೆಗೆ ನಾನು ಬಾಯಿ ಹಾಕದ ತಂಟೆ ಒಂದೂ ಇರಲಿಲ್ಲ. ‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ಅಜ್ಜಿ ನನ್ನ ಮುಖ ನೋಡಿಯೇ ಹೇಳುತ್ತಿದ್ದಳು. ಎರಡರಲ್ಲಿ ಒಂದೂ ಈ ಹುಡುಗನಿಗೆ ಬರಲಿಲ್ಲ ಅನ್ನುವುದು ಅವಳ ದೂರು. ಆದ್ದರಿಂದ ನೆದರ್ಲೆಂಡ್ಸಿನ ದ ಹೇಗ್‌ನಲ್ಲಿ ನಾನು ಆಡಳಿತ ಶಾಸ್ತ್ರ ಓದುತ್ತಿದ್ದಾಗ, ಕೋರ್ಸಿನ ಕೊನೆಗೆ ಒಂದು ಇಡೀ ದಿನ ಅಣಕು ಸಂಸತ್ತು ನಡೆಯುತ್ತದೆ ಅಂತ ಗೊತ್ತಾಗಿ, ಚೀಟಿ ಎತ್ತಿದರೆ ನನಗೆ ವಿರೋಧ ಪಕ್ಷವೇ ಬಂದಾಗ, ಹಬ್ಬ ಬಂದಷ್ಟು ಖುಷಿಯಾಯಿತು.

ನಾವು ಆಳಬೇಕಾಗಿದ್ದ ದೇಶ ಯಾವ ಭೂಪಟದಲ್ಲೂ ಇರಲಿಲ್ಲ. ನಮ್ಮ ಪ್ರೊಫೆಸರ್, ಬೆಳ್ಳಿಗೂದಲಿನ ಡಚ್ ಹೆಂಗಸು, ಅದನ್ನು ತಮ್ಮ ಕೈಯಾರೆ ಸೃಷ್ಟಿಸಿದ್ದರು. ಒಂದು ದೊಡ್ಡ ನದಿ, ಒಂದು ಬಂದರು, ಬೇಕಾದಷ್ಟು ದನ, ವಯಸ್ಸಾಗುತ್ತಿರುವ ಜನ, ತಡವಾಗಿ ಬರುವ ರೈಲು. ಅವರು ಇಟ್ಟ ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ನಾವು ಕನ್ನಡದಲ್ಲಿ ಅದನ್ನು ಪ್ರೊಫೆಸರಮ್ಮನ ದೇಶ ಅನ್ನುತ್ತಿದ್ದೆವು. ಆ ದೇಶದ ಸರ್ಕಾರ ಒಂದು ಸಮಗ್ರ ಸುಧಾರಣಾ ಮಸೂದೆ ತರುತ್ತಿತ್ತು. ಸಮಗ್ರ ಅಂದರೆ ನಿಜಕ್ಕೂ ಸಮಗ್ರ. ಪಿಂಚಣಿ, ಬಾಡಿಗೆ ಮನೆ, ಆಸ್ಪತ್ರೆ, ರೈಲು, ಶಾಲೆ, ಕೊನೆಗೆ ದನದ ಸಗಣಿಯನ್ನು ಎಲ್ಲಿ ಸುರಿಯಬೇಕು ಅನ್ನುವವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ದಿನವಿಡೀ ಚರ್ಚೆ ಮಾಡಿ, ಸಂಜೆ ಒಂದೊಂದು ಕಲಮನ್ನೂ ಕೈ ಎತ್ತಿಸಿ ಮತಕ್ಕೆ ಹಾಕುವುದು ಕ್ರಮ.

ನಾವು ಅಂದೆನಲ್ಲ, ಅದರಲ್ಲಿ ಇನ್ನೊಬ್ಬಳು ನನ್ನದೇ ತರಗತಿಯ ಹುಡುಗಿ, ಉಡುಪಿ ಕಡೆಯ ಕಡಲ ದಂಡೆಯವಳು. ಒಂದೇ ಮನೆಯಲ್ಲಿ ಅಕ್ಕಪಕ್ಕದ ಕೋಣೆ ನಮ್ಮದು, ಅಡುಗೆಮನೆ ಒಂದೇ. ಅಡುಗೆ ಅವಳದು, ಪಾತ್ರೆ ನನ್ನದು, ವಾದ ಇಬ್ಬರದು. ಸುರಿನಾಮ್ ಮೂಲದವರ ಅಂಗಡಿಯಿಂದ ಕರಿಬೇವು, ಹಾಗಲಕಾಯಿ ಹೊತ್ತು ತಂದು ಅವಳು ಒಗ್ಗರಣೆ ಹಾಕಿದರೆ ಮೇಲಿನ ಮಹಡಿಯ ಪೋಲಿಷ್ ಹುಡುಗ ಕೆಮ್ಮುತ್ತಾ ಕಿಟಕಿ ತೆರೆಯುತ್ತಿದ್ದ. ನಾನು ಊರಿನಿಂದ ತಂದಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಅವಳು ತನ್ನ ಸ್ವಂತ ಆಸ್ತಿಯ ಹಾಗೆ ಬಳಸುತ್ತಿದ್ದಳು. ಆ ಹುಡುಗಿಯನ್ನು ನಾನು ತಂಗಿಯ ಹಾಗೆ ಪ್ರೀತಿಸುತ್ತಿದ್ದೆ. ಇದನ್ನು ಅವಳಿಗೆ ಹೇಳಿದ್ದರೆ ‘ಮೊದ್ಲು ಕುಕ್ಕರ್ ತೊಳಿ’ ಅನ್ನುತ್ತಿದ್ದಳು.

ಅವಳು ಎತ್ತಿದ ಚೀಟಿಯಲ್ಲಿ ಶಿಕ್ಷಣ ಮಂತ್ರಿ ಅಂತಿತ್ತು. ನನ್ನದರಲ್ಲಿ, ಹಣೆಬರಹ ನೋಡಿ, ವಿರೋಧ ಪಕ್ಷದ ಶಿಕ್ಷಣ ವಕ್ತಾರ. ಅಂದರೆ ಮಸೂದೆಯ ಶಾಲೆಗಳ ಭಾಗವನ್ನು ಅವಳು ಸಮರ್ಥಿಸಬೇಕು, ನಾನು ಹರಿದು ಹಾಕಬೇಕು. ಆ ಭಾಗದಲ್ಲಿ ಇದ್ದದ್ದು ಒಂದೇ ಕಲಮು: ಮಕ್ಕಳು ಕಡಿಮೆಯಾದ ಹಳ್ಳಿ ಶಾಲೆಗಳನ್ನೆಲ್ಲ ಮುಚ್ಚಿ, ಪಕ್ಕದ ಪಟ್ಟಣದ ಶಾಲೆಯ ಜೊತೆ ಸೇರಿಸುವುದು.

ಪ್ರೊಫೆಸರ್ ಎರಡು ನಿಯಮಗಳನ್ನು ಮತ್ತೆ ಮತ್ತೆ ಹೇಳಿದ್ದರು. ಮಂತ್ರಿಯಾದವರು ತಾವಾಗಿ ತಮ್ಮ ಸರ್ಕಾರದ ವಿರುದ್ಧ ಒಂದು ಮಾತೂ ಆಡುವಂತಿಲ್ಲ. ಆದರೆ ಸದನದಲ್ಲಿ ಯಾರಾದರೂ ನೇರವಾಗಿ ಪ್ರಶ್ನೆ ಕೇಳಿದರೆ ಸುಳ್ಳು ಹೇಳುವಂತಿಲ್ಲ, ನುಣುಚಿಕೊಳ್ಳುವಂತೆಯೂ ಇಲ್ಲ. ಇಲ್ಲಿನ ಸಂಸತ್ತಿನಲ್ಲಿ ಇರುವ ಹಾಗೆ ನಮಗೂ ಸದನದ ನಡುವೆ ಒಂದು ಮೈಕು ಇಡುತ್ತಾರೆ, ಮಂತ್ರಿ ಮಾತಾಡುತ್ತಿರುವಾಗಲೇ ಎದ್ದು ಹೋಗಿ ಅಲ್ಲಿ ನಿಂತರೆ ಸಾಕು, ಅಧ್ಯಕ್ಷರು ಅವಕಾಶ ಕೊಡುತ್ತಾರೆ ಅಂದರು. ನನಗೆ ಆ ಮೈಕನ್ನು ನೆನೆದೇ ಕೈ ತುರಿಸುತ್ತಿತ್ತು.

ಚರ್ಚೆಗೆ ಒಂದು ವಾರ ಇದ್ದಾಗ ಅವಳು ತೆಂಗಿನ ತುರಿ ಹುರಿಯುತ್ತಾ, ನನ್ನ ಕಡೆ ನೋಡದೆ, ತಾನು ಮೊದಲು ಕಲಿತ ಶಾಲೆಯ ಸುದ್ದಿ ತೆಗೆದಳು. ನದಿ ಸಮುದ್ರ ಸೇರುವಲ್ಲಿ ಒಂದು ಹೆಂಚಿನ ಕಟ್ಟಡ, ಎಲ್ಲ ತರಗತಿಗೂ ಸೇರಿ ಒಬ್ಬರೇ ಟೀಚರ್. ಮಳೆಗಾಲದಲ್ಲಿ ದೋಣಿ ಬರದಿದ್ದರೆ ಮಕ್ಕಳಿಗೆ ರಜೆ, ಟೀಚರಿಗೆ ಮಾತ್ರ ಇಲ್ಲ. ವರ್ಷ ವರ್ಷಕ್ಕೂ ಮಕ್ಕಳು ಕಡಿಮೆಯಾದರು. ‘ಆಮೇಲೆ ಮುಚ್ಚಿದ್ರು. ಈಗ ಅಲ್ಲಿ ಬಲೆ ಒಣಗಿಸ್ತಾರೆ’ ಅಂದು ಒಲೆ ಆರಿಸಿದಳು. ಪ್ರೊಫೆಸರಮ್ಮನ ದೇಶ ಬರೀ ಆಟ ಅಂತ ಗೊತ್ತು, ಆದರೂ ಶಾಲೆ ಮುಚ್ಚಿ ಅಂತ ತನ್ನ ಬಾಯಿಂದ ಹೇಳಬೇಕಲ್ಲ ಅನ್ನುವಾಗ ಅವಳ ದನಿ ಸಣ್ಣದಾಗಿತ್ತು. ರಾತ್ರಿ ನಿದ್ದೆ ಬರುತ್ತಿಲ್ಲ ಅಂದಳು. ನಾನು ಪಾತ್ರೆ ತೊಳೆದೆ.

ನನ್ನ ತಲೆಯೊಳಗೆ ಮಾತ್ರ ಆಗಲೇ ಭಾಷಣ ಶುರುವಾಗಿತ್ತು. ಇದಕ್ಕಿಂತ ಒಳ್ಳೆಯ ಅಸ್ತ್ರ ಎಲ್ಲಿ ಸಿಕ್ಕೀತು? ಮುಚ್ಚಿದ ಶಾಲೆಯಲ್ಲಿ ಕಲಿತ ಹುಡುಗಿಯೇ ಶಾಲೆ ಮುಚ್ಚುವ ಮಂತ್ರಿ! ಒಂದು ಪ್ರಶ್ನೆ ಕೇಳಿದರೆ ಸಾಕು, ಸರ್ಕಾರ ಮಕಾಡೆ ಮಲಗುತ್ತದೆ. ಎರಡು ದಿನ ಈ ಸಂಭ್ರಮದಲ್ಲಿ ಸೈಕಲ್ ತುಳಿದೆ, ಎದುರುಗಾಳಿಯೂ ಗೊತ್ತಾಗಲಿಲ್ಲ. ಮೂರನೆಯ ದಿನ ಯಾಕೋ ಮನಸ್ಸು ಕಚ್ಚಿತು. ಅವಳು ಅದನ್ನು ಸದನದಲ್ಲಿ ಹೇಳಿರಲಿಲ್ಲ, ಅಡುಗೆಮನೆಯಲ್ಲಿ ಹೇಳಿದ್ದಳು. ಒಲೆಯ ಮುಂದೆ ನಂಬಿ ಆಡಿದ ಮಾತನ್ನು ಹೊರಗೆ ಒಯ್ದು ಅವಳ ಮೇಲೇ ಬೀಸುವುದು ಯಾವ ಸೀಮೆಯ ಗೆಳೆತನ ಅನ್ನಿಸಿತು.

ಚರ್ಚೆಯ ದಿನ ಬೆಳಿಗ್ಗೆ ಎದ್ದರೆ ಮನೆಯೆಲ್ಲ ಬಾಳೆಹಣ್ಣಿನ ಘಮ. ಅವಳು ಹಿಂದಿನ ಸಂಜೆಯೇ ಬಾಳೆಹಣ್ಣು ಕಿವುಚಿ ಹಿಟ್ಟು ನಾದಿಟ್ಟು, ಈಗ ಬನ್ಸ್ ಕರಿಯುತ್ತಿದ್ದಳು, ಅವರ ಕಡೆಯ ಉಬ್ಬುಬ್ಬಿದ ಸಿಹಿ ಪೂರಿ. ನನ್ನ ತಟ್ಟೆಗೆ ಬಿಸಿ ಬಿಸಿಯಾಗಿ ಹಾಕಿ, ಕಾಯಿ ಚಟ್ನಿ ಸುರಿದು, ಸರಿಯಾಗಿ ತಿಂದು ಹೋಗು, ಇವತ್ತು ನೀನು ತುಂಬಾ ಮಾತಾಡಬೇಕು ಅಂದಳು. ಉಳಿದದ್ದನ್ನೆಲ್ಲ ಸ್ಟೀಲ್ ಡಬ್ಬಿಗೆ ತುಂಬಿದಳು. ಮಧ್ಯಾಹ್ನ ಅದನ್ನು ತನ್ನ ಸರ್ಕಾರದವರಿಗೆ ಕೊಡದೆ ಸೀದಾ ನಮ್ಮ ವಿರೋಧ ಪಕ್ಷದ ಮೇಜಿಗೆ ತಂದಿಟ್ಟಳು. ಚೀಸ್ ಬ್ರೆಡ್ಡು ಅಗಿಯುತ್ತಿದ್ದ ನಮ್ಮವರೆಲ್ಲ ಅದರ ಮೇಲೆ ಬಿದ್ದರು. ಗ್ರೊನಿಂಗೆನ್ ಕಡೆಯ ರೈತನ ಮಗ, ಅವತ್ತಿನ ಮಟ್ಟಿಗೆ ಸರ್ಕಾರದ ಪ್ರಧಾನ ಮಂತ್ರಿ, ಶತ್ರುಗಳ ಮೇಜಿನಿಂದಲೇ ಎರಡು ಎತ್ತಿಕೊಂಡು ಹೋದ.

ಮುಗಿಯಿತು ನನ್ನ ಕತೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವುದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಅಜ್ಜಿಯ ಕೈತುತ್ತಿನ ಜೊತೆ ಒಳಗೆ ಹೋದದ್ದು. ನನ್ನ ಪಕ್ಷದವರಿಗೆ ಅದರ ಚಿಂತೆಯೇ ಇರಲಿಲ್ಲ. ಬೆರಳು ನೆಕ್ಕಿ ಎದ್ದು ಹೋಗಿ ಪಿಂಚಣಿ ಮಂತ್ರಿಯನ್ನು ಅಳುವ ಹಾಗೆ ಮಾಡಿ ಬಂದರು. ಮಾತೇ ಬೇರೆ, ಊಟವೇ ಬೇರೆ ಅವರಿಗೆ. ನಾನು ಮಾತ್ರ ಹೊಟ್ಟೆ ತುಂಬಿದ ಕೃತಜ್ಞತೆಯಲ್ಲಿ ಕಲ್ಲಾಗಿ ಕೂತಿದ್ದೆ.

ಶಾಲೆಗಳ ಸರದಿ ಬಂತು. ಅವಳು ಎದ್ದು ನಿಂತು, ಪಟ್ಟಣದ ಶಾಲೆಯಲ್ಲಿ ಪ್ರಯೋಗಾಲಯ ಇರುತ್ತದೆ, ಆಟದ ಮೈದಾನ ಇರುತ್ತದೆ, ಬಸ್ಸು ಬಿಡುತ್ತೇವೆ ಅಂತ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಒಪ್ಪಿಸಿ ನನ್ನನ್ನೇ ನೋಡಿದಳು. ನಾನು ಮೈಕಿನ ಹತ್ತಿರ ಹೋದೆ. ಬಸ್ಸು ಸರಿಯಾದ ಸಮಯಕ್ಕೆ ಬರುವುದು ಖಾತ್ರಿಯೇ ಅಂತ ಕೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇನ್ನೊಂದೆರಡು ಮಾತು ಸೇರಿಸಿ ಬಂದು ಕೂತೆ. ನನ್ನ ಪಕ್ಷದ ನಾಯಕಿ ನನ್ನ ಕಡೆ ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ಆದರೂ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು, ಸ್ನೇಹ ಉಳಿಸಿದೆನಲ್ಲ ಅಂತ.

ಮತದಾನಕ್ಕೆ ಮುಂಚೆ ಕಾಫಿಗೆ ಬಿಟ್ಟರು. ಮಷೀನಿನ ಮುಂದೆ ನಾನು ನಿಂತಿದ್ದೆ. ಅವಳು ಹಿಂದಿನಿಂದ ಬಂದು ನನ್ನ ತೋಳು ಹಿಡಿದು ಮೂಲೆಗೆ ಎಳೆದಳು. ಕಣ್ಣು ಕೆಂಪಾಗಿತ್ತು.

‘ಎಂತ ಮಾರಾಯ ನೀನು? ಬಸ್ಸು ಕೇಳ್ಲಿಕ್ಕೆ ಎದ್ದದ್ದಾ?’

‘ಅಡಗಿಮನಿಯಾಗ ನೀ ಹೇಳಿದ ಮಾತು, ಹೊರಗ ಹೆಂಗ ತರ್ಲಿ?’ ಅಂದೆ. ‘ಮ್ಯಾಲ ಮುಂಜಾನೆ ನಿನ್ನ ಕೈಲೇ ಉಂಡೀನಿ. ಉಂಡು ನಿನ್ನ ಮ್ಯಾಲ ಬೀಳ್ಲೇನು?’

ಅವಳು ಹಣೆ ಚಚ್ಚಿಕೊಂಡಳು. ‘ಬೀಳ್ಲಿ ಅಂತಲೇ ಹೇಳಿದ್ದು! ನಾನು ಮಂತ್ರಿ, ನಾನಾಗಿ ಬಾಯಿ ಬಿಡ್ಲಿಕ್ಕೆ ಆಗ್ತದಾ? ಯಾರಾದ್ರೂ ಕೇಳಿದ್ರೆ ಹೇಳ್ಲೇಬೇಕು ಅಂತ ನಿಯಮ ಉಂಟಲ್ಲ. ಅದನ್ನು ಕೇಳುವ ಒಬ್ಬ ಬೇಕಿತ್ತು ನಂಗೆ. ನಿನಗಲ್ಲದೆ ಬೇರೆ ಯಾರಿಗೆ ಹೇಳ್ಲಿ? ಎದುರಾಳಿಗಳಿಗೆ ಬನ್ಸ್ ತಿನ್ನಿಸಿದ್ದು ಎಂತಕ್ಕೆ ಅಂದ್ಕೊಂಡಿ, ಬಾಯಿ ಕಟ್ಲಿಕ್ಕಾ?’

ನಾನು ಪೆದ್ದನ ಹಾಗೆ ನಿಂತೆ. ಅಲ್ಲ, ಪೆದ್ದನ ಹಾಗೆ ಏನು ಬಂತು, ಶುದ್ಧ ಪೆದ್ದನೇ. ಅವಳು ಒಂದು ವಾರದಿಂದ ನನ್ನ ಕೈಗೆ ಕೊಡಲಿ ಕೊಟ್ಟು ಕಡಿ ಅಂತ ಕಾಯುತ್ತಿದ್ದಳು, ನಾನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೂತಿದ್ದೆ. ಮತಕ್ಕೆ ಹಾಕುವ ಮುಂಚೆ ಮಂತ್ರಿಗೆ ಕೊನೆಯ ಉತ್ತರದ ಅವಕಾಶ ಇರುತ್ತದೆ, ಅಷ್ಟೇ ಉಳಿದಿರುವುದು ಅಂದಳು. ಕಾಫಿಯನ್ನು ಅಲ್ಲೇ ಬಿಟ್ಟು ಒಳಗೆ ನಡೆದೆ.

ಅವಳು ಕೊನೆಯ ಉತ್ತರಕ್ಕೆ ಬಾಯಿ ತೆರೆದಳೋ ಇಲ್ಲವೋ, ನಾನು ಓಡಿ ಹೋಗಿ ಮೈಕಿನ ಮುಂದೆ ನಿಂತೆ. ಅಧ್ಯಕ್ಷರ ಕುರ್ಚಿಯಲ್ಲಿದ್ದ ಪ್ರೊಫೆಸರ್ ಕನ್ನಡಕದ ಮೇಲಿಂದ ನೋಡಿ ತಲೆಯಾಡಿಸಿದರು.

‘ಮಾನ್ಯ ಅಧ್ಯಕ್ಷರೇ, ಇಂಥದೊಂದು ಶಾಲೆ ಮುಚ್ಚುವುದನ್ನು ಮಂತ್ರಿಗಳು ಸ್ವತಃ ಕಂಡಿದ್ದಾರೆಯೇ? ಕಂಡಿದ್ದರೆ, ಅದನ್ನು ಯಾರು ಮುಚ್ಚಿದರು?’

ಎರಡನೆಯ ಪ್ರಶ್ನೆ ನಾನು ಯೋಚಿಸಿ ಕೇಳಿದ್ದಲ್ಲ. ಸರ್ಕಾರ ಮುಚ್ಚಿತು ಅಂತ ಅವಳು ಹೇಳುತ್ತಾಳೆ, ಆಗ ನಿಮ್ಮ ಸರ್ಕಾರವೂ ಅದನ್ನೇ ಮಾಡುತ್ತಿದೆ ಅಂತ ನಾನು ಗುದ್ದುತ್ತೇನೆ ಅನ್ನುವುದಷ್ಟೇ ಲೆಕ್ಕ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮಾತಾಡಿದ್ದು ಇಂಗ್ಲಿಷಿನಲ್ಲಿ, ನನಗೆ ಕೇಳಿಸಿದ್ದು ಮಾತ್ರ ಅವಳ ಕಡಲ ತೀರದ ಕನ್ನಡದಲ್ಲೇ.

ಕಂಡಿದ್ದೇನೆ ಅಂದಳು. ಕೊನೆಯ ವರ್ಷ ಆ ಶಾಲೆಯಲ್ಲಿ ಉಳಿದಿದ್ದ ವಿದ್ಯಾರ್ಥಿ ನಾನೊಬ್ಬಳೇ. ಟೀಚರ್ ದಿನವೂ ಹಾಜರಿ ಕರೆಯುತ್ತಿದ್ದರು, ನನ್ನ ಹೆಸರೊಂದೇ, ನಾನು ಎದ್ದು ನಿಂತು ಹಾಜರ್ ಅನ್ನುತ್ತಿದ್ದೆ. ಪ್ರಾರ್ಥನೆ ಇಬ್ಬರೇ ಹೇಳುತ್ತಿದ್ದೆವು. ನಾನಿರುವವರೆಗೆ ಶಾಲೆ ಮುಚ್ಚುವಂತಿರಲಿಲ್ಲ. ವರ್ಷದ ನಡುವೆ ಪೇಟೆಯ ಇಂಗ್ಲಿಷ್ ಶಾಲೆಯಲ್ಲಿ ಜಾಗ ಸಿಕ್ಕಿತು, ಹೋಗುತ್ತೀಯಾ ಅಂತ ಅಪ್ಪ ಕೇಳಿದರು. ಅಲ್ಲಿ ಹಸಿರು ಟೈ ಇತ್ತು. ಹೂಂ ಅಂದೆ.

‘ಆ ಶಾಲೆಯನ್ನು ಸರ್ಕಾರ ಮುಚ್ಚಲಿಲ್ಲ, ಅಧ್ಯಕ್ಷರೇ. ನಾನು ಮುಚ್ಚಿದೆ. ಇನ್ನೊಂದು ಸಲ ನನ್ನಿಂದ ಆಗುವುದಿಲ್ಲ. ಈ ಕಲಮಿಗೆ ಮತ ಹಾಕಿ ಅಂತ ನಾನು ಸದನವನ್ನು ಕೇಳಲಾರೆ.’

ನನ್ನ ಗುದ್ದು ನನ್ನ ಬಾಯಲ್ಲೇ ಉಳಿಯಿತು. ಪ್ರೊಫೆಸರ್ ಮತಕ್ಕೆ ಹಾಕಿದರು. ಮೊದಲು ನಮ್ಮ ಕಡೆಯ ಕೈಗಳು ವಿರುದ್ಧವಾಗಿ ಎದ್ದವು. ಆಮೇಲೆ ಸರ್ಕಾರದ ಸಾಲಿನಲ್ಲಿ ಒಂದು ಉದ್ದನೆಯ ಕೈ ಎದ್ದಿತು, ಪ್ರಧಾನ ಮಂತ್ರಿಯದು. ತನ್ನ ಊರಿನ ಶಾಲೆಯೂ ಹಾಗೇ ಹೋಯಿತು ಅಂತ ಆಮೇಲೆ ಅವನು ಹೇಳಿದ. ಅವನ ಹಿಂದೆ ಇನ್ನಷ್ಟು ಕೈ ಎದ್ದವು. ಕಲಮು ಬಿತ್ತು, ಉಳಿದ ಮಸೂದೆ ಸಗಣಿ ಸಮೇತ ಪಾಸಾಯಿತು. ಮಂತ್ರಿಯಾಗಿ ಅವಳು ಮಾಡಿದ್ದು ತಪ್ಪು ಅಂತ ಪ್ರೊಫೆಸರ್ ಎಲ್ಲರ ಮುಂದೆ ಹೇಳಿದರು, ಅಂಕ ಕಡಿಮೆಯಾಗುತ್ತದೆ ಅಂತಲೂ ಹೇಳಿದರು. ಹೇಳಿದ ಮೇಲೆ ಕುರ್ಚಿಯಿಂದ ಇಳಿದು ಬಂದು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗಾಳಿ ಜೋರಾಗಿದ್ದರಿಂದ ಸೈಕಲ್ ಬಿಟ್ಟು ಟ್ರಾಮ್ ಹತ್ತಿದೆವು. ಕಿಟಕಿಯ ಪಕ್ಕ ಅವಳು, ಈಚೆ ನಾನು. ಓಣಿಯನ್ನೆಲ್ಲ ಗೆದ್ದ ನಾಲಿಗೆ ಅವತ್ತು ಎಲ್ಲಿ ಹೋಗಿತ್ತೋ. ಎರಡು ಮೂರು ನಿಲ್ದಾಣ ದಾಟಿದ ಮೇಲೆ ಅವಳೇ ಶುರು ಮಾಡಿದಳು.

‘ಒಂದು ಮಾತು ಸದನದಲ್ಲಿ ಹೇಳ್ಲಿಲ್ಲ’ ಅಂದಳು. ‘ಟೀಚರ್ ಕೈಯಿಂದ್ಲೇ ಟೀಸಿ ತಗೊಂಡ ದಿನ ಶನಿವಾರ. ಎಂದಿನ ಹಾಗೆ ಹೋಗಿ ಬರ್ತೇನೆ ಟೀಚರ್ ಅಂದೆ. ಅವರೂ ಎಂದಿನ ಹಾಗೆ ಬಾ ಅಂದ್ರು. ಸೋಮವಾರ ಅವರು ಬಾಗಿಲು ತೆರೆದು, ಬೋರ್ಡಿನ ಮೇಲೆ ತಾರೀಕು ಬರೆದು ಕೂತಿದ್ರಂತೆ ಮಾರಾಯ. ಮಧ್ಯಾಹ್ನದವರೆಗೆ.’

ನಮ್ಮ ನಿಲ್ದಾಣ ಬಂತು. ಇಬ್ಬರೂ ಇಳಿಯಲಿಲ್ಲ.