ಎಡಕ್ಕೆ ಎಳೆಯುತ್ತಿದ್ದ ಕಾರು

ನನ್ನ ಹೆಂಡತಿಯ ಕಿಡ್ನಿ ಕೆಟ್ಟ ಮೇಲೆ ಮಂಗಳವಾರ, ಶುಕ್ರವಾರ ಎರಡೂ ಆಸ್ಪತ್ರೆಯ ಪಾಲಾದವು. ಬೆಳಿಗ್ಗೆ ಮಸಿನಗುಡಿಯಿಂದ ಹೊರಟು ಕಲ್ಹಟ್ಟಿ ಘಾಟಿ ಹತ್ತಿ ಊಟಿ ಸೇರಬೇಕು. ಅಲ್ಲಿ ನಾಲ್ಕು ಗಂಟೆ ಹೊತ್ತು ಯಂತ್ರ ಅವಳ ರಕ್ತ ತೊಳೆಯುತ್ತದೆ. ಆಮೇಲೆ ಅದೇ ಮೂವತ್ತಾರು ತಿರುವು ಇಳಿದು ಮನೆಗೆ. ಹೊರಗೆ ಬರುವಾಗ ಒಗೆದು ಹಿಂಡಿದ ಬಟ್ಟೆಯ ಹಾಗಿರುತ್ತಾಳೆ; ಬಸ್ಸು ಅವಳಿಗೆ ಆಗದು. ನಮಗೆ ಕಾರಿದೆ, ಓಡಿಸುವುದಕ್ಕೆ ನನಗೆ ಬರುತ್ತದೆ. ಇದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದು. ಆದರೂ ಮುಗಿಯುತ್ತೇನೆ.

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಲಾರಿಗೆ ಮೂಟೆ ಹೊತ್ತೆ, ಲಾರಿ ತೊಳೆದೆ, ಲಾರಿಯ ಕೆಳಗೆ ಮಲಗಿ ರಿಪೇರಿ ಕಲಿತೆ, ಕೊನೆಗೆ ಸ್ಟೇರಿಂಗ್ ಹಿಡಿದೆ. ಈ ಕಾರು ಹಳೆಯದಾದರೂ ನನ್ನ ದುಡಿಮೆಯದು. ಅದರ ಸದ್ದು ಸ್ವಲ್ಪ ಬದಲಾದರೂ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷ ಮಳೆ ನಿಂತ ಮೇಲೆ ಕಾರು ಎಡಕ್ಕೆ ಎಳೆಯಲು ಶುರುಮಾಡಿತು. ಮೊದಮೊದಲು ಒಂದು ಬೆರಳಿನಷ್ಟು, ಆಮೇಲೆ ಎರಡು ಕೈಯಲ್ಲೂ ಬಲಕ್ಕೆ ತಿರುಗಿಸಿ ಹಿಡಿದುಕೊಳ್ಳುವಷ್ಟು. ಎಡಕ್ಕೆ ಪ್ರಪಾತ ಬರುವ ತಿರುವುಗಳಲ್ಲಿ ಹೆಂಡತಿ ಮಾತು ನಿಲ್ಲಿಸಿಬಿಡುತ್ತಿದ್ದಳು. ಒಂದು ದಿನ ಮನೆಗೆ ಬಂದವಳೇ, ವಾರಕ್ಕೆ ಒಂದೇ ಸಲ ಹೋದರೆ ಸಾಲದೇ ಎಂದು ಕೇಳಿದಳು. ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಿದಳೆಂದರೆ, ಅವಳಿಗೆ ಕಾಯಿಲೆಗಿಂತ ನನ್ನ ಕಾರಿನ ಭಯ ದೊಡ್ಡದಾಗಿತ್ತು.

ಸರಿ, ಹುಡುಕಲು ಕೂತೆ. ಗಾಳಿ ನೋಡಿದೆ, ನಾಲ್ಕೂ ಟೈರಿನಲ್ಲಿ ಸರಿಯಿತ್ತು. ಮುಂದಿನ ಎರಡು ಟೈರುಗಳನ್ನು ಅತ್ತಿಂದಿತ್ತ ಬದಲಿಸಿದೆ. ದೋಷ ಟೈರಿನದಾದರೆ ಎಳೆತ ಬಲಕ್ಕೆ ಬರಬೇಕು, ಬರಲಿಲ್ಲ. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುತ್ತವೆ, ಅದೇ ಇರಬಹುದೆಂದು ತೆಪ್ಪಕಾಡಿನ ಕಡೆಯ ನೇರ ದಾರಿಯಲ್ಲಿ, ಎದುರು ಗಾಡಿ ಇಲ್ಲದಾಗ, ಬಲಬದಿಗೆ ಹೋಗಿ ನೋಡಿದೆ. ಅಲ್ಲೂ ಎಡಕ್ಕೇ. ಊಟಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆ. ಗಾಲಿಗಳು ನೇರವಾಗಿವೆ ಎಂದು ಯಂತ್ರವೇ ತೋರಿಸಿತು.

ಉಳಿದದ್ದು ಬ್ರೇಕು. ಒಂದು ಕಡೆಯ ಬ್ರೇಕು ಬಿಡದೆ ಹಿಡಿದುಕೊಂಡಿದ್ದರೆ ಆ ಗಾಲಿ ಕಾದು ಬಿಸಿಯಾಗಬೇಕು. ಘಾಟಿ ಇಳಿದು ಮನೆಯ ಮುಂದೆ ನಿಲ್ಲಿಸಿದ ಕೂಡಲೇ ಮುಂದಿನ ಎರಡೂ ಗಾಲಿಗೆ ನೀರು ಚಿಮುಕಿಸಿದೆ. ಎರಡೂ ಚುರ್ ಅಂದವು. ಎರಡೂ ಒಂದೇ ಎಂದುಕೊಂಡು ಬ್ರೇಕಿನ ಅನುಮಾನವನ್ನೂ ಬಿಟ್ಟೆ.

ಪಕ್ಕದ ಮನೆಯಲ್ಲಿ ಜೀಪು ಓಡಿಸುವ ಗೆಳೆಯನಿದ್ದಾನೆ. ಅವನು ಬೇಲಿಯ ಆಚೆ ನಿಂತು ಇದನ್ನೆಲ್ಲ ನೋಡಿದ.

"ಅಲ್ಲ ಕಣಣ್ಣ, ಅಕ್ಕ ಕೂರದು ಎಡಗಡೆ. ನಿನ್ ಕಾರು ಅಕ್ಕನ ಕಡೀಕೇ ವಾಲ್ತದ. ಅದ್ಯಾವ ಮೆಕ್ಯಾನಿಕ್ ಸರಿ ಮಾಡಾನು?"

ಹೆಂಡತಿ ನಕ್ಕಳು. ಬಹಳ ದಿನದ ಮೇಲೆ ನಕ್ಕಿದ್ದಳು, ಅದಕ್ಕೆ ಅವನಿಗೆ ಬೈಯಲಿಲ್ಲ. ಶುಕ್ರವಾರ ಜೀಪಿನಲ್ಲಿ ಕರೆದುಕೊಂಡು ಹೋಗಲೇ ಎಂದೂ ಕೇಳಿದ. ನನ್ನ ಹೆಂಡತಿಯನ್ನು ಕರೆದೊಯ್ಯಲು ನನಗೆ ಗೊತ್ತು ಅಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಮನಸ್ಸು ಬದಲಾದರೆ ಕೂಗು ಅಂದ. ಇಂಥವನು ಪಕ್ಕದಲ್ಲಿರುವುದೂ ಒಂದು ಪುಣ್ಯವೇ.

ಶುಕ್ರವಾರ ಊಟಿಯಲ್ಲಿ ಮಂಜು, ಜಿಟಿಜಿಟಿ ಮಳೆ. ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿ ಹೆಂಡತಿಯ ತೋಳು ಹಿಡಿದು ನಡೆಸುತ್ತಿದ್ದೆ. ಅಲ್ಲೊಂದು ಕಂದು ನಾಯಿ ಇತ್ತು. ನಾವು ಬಂದಾಗಲೆಲ್ಲ ಕಾರಿನ ಹತ್ತಿರ ಬರುವುದು, ನಾನು ಹಚಾ ಅಂದು ಓಡಿಸುವುದು, ಅದು ಮತ್ತೆ ಬಂದು ಮಲಗುವುದು ನಡೆದೇ ಇತ್ತು. ಅವತ್ತೂ ಕೈ ಎತ್ತಿದೆ. ಹೆಂಡತಿ ತಡೆದಳು.

"ಇರಿ, ಓಡಿಸ್ಬೇಡಿ. ಅದು ಯಾವಾಗ್ಲೂ ನನ್ ಕಡೆ ಗಾಲಿ ಹತ್ರಾನೇ ಯಾಕ ಮಲಗ್ತದ? ಆ ಕಡೆದ್ರ ಹತ್ರ ಒಂದ್ ದಿನಾನೂ ಹೋಗ್ಲಿಲ್ಲ, ನಾನ್ ನೋಡ್ತಾನೇ ಇವ್ನಿ."

ನಾಯಿಗೆ ಯಾವ ಗಾಲಿಯಾದರೇನು ಅಂದೆ.

"ಚಳಿ ಅಲ್ವಾ ಅದಕ್ಕ," ಅಂದು ಒಳಗೆ ಹೋದಳು.

ನರ್ಸಮ್ಮ ಅವಳನ್ನು ಮಲಗಿಸಿ ಸೂಜಿ ಚುಚ್ಚುವವರೆಗೂ ನಿಂತಿದ್ದೆ. ತಲೆಯಲ್ಲಿ ಅದೇ ಮಾತು. ಹೊರಗೆ ಬಂದು ನೋಡಿದರೆ ನಾಯಿ ಎಡಗಾಲಿಯ ಪಕ್ಕ ಮುದುಡಿ ಮಲಗಿದೆ. ಬಲಗಾಲಿಯ ಹತ್ತಿರ ಕೈ ಇಟ್ಟೆ, ಬಿಸಿಯ ಸುಳಿವೂ ಇರಲಿಲ್ಲ. ಎಡಗಾಲಿಯ ಹತ್ತಿರ ಇಟ್ಟೆ. ಅಷ್ಟು ಹೊತ್ತಾದ ಮೇಲೂ ಒಲೆಯ ಪಕ್ಕ ಕೂತ ಹಾಗೆ ಕಾವು ಬಡಿಯಿತು.

ಆಗ ಹೊಳೆಯಿತು. ಘಾಟಿ ಇಳಿಯುವಾಗ ಎಷ್ಟೇ ಗೇರಿನಲ್ಲಿ ಇಳಿದರೂ ಬ್ರೇಕು ತುಳಿಯಲೇಬೇಕು. ಕೆಳಗೆ ತಲುಪುವಾಗ ಎಲ್ಲ ಗಾಲಿಯೂ ಕಾದಿರುತ್ತದೆ. ನಾನು ನೀರು ಚಿಮುಕಿಸಿ ನೋಡಿದ್ದು ಕೆಳಗೆ, ಮನೆಯ ಮುಂದೆ. ಹತ್ತುವಾಗ ಬ್ರೇಕಿಗೆ ಅಷ್ಟು ಕೆಲಸವಿಲ್ಲ; ಆಗಲೂ ಗಾಲಿ ಕಾದಿದ್ದರೆ ಅದು ಬಿಡದೆ ಹಿಡಿದ ಬ್ರೇಕೇ. ನೋಡಬೇಕಾದದ್ದು ಮೇಲೆ, ಊಟಿಯಲ್ಲಿ. ಇಷ್ಟು ವರ್ಷ ಈ ಘಾಟಿಯಲ್ಲೇ ಬದುಕಿದ ನನಗೆ ಅದು ತೋಚಿರಲಿಲ್ಲ.

ಅವಳು ಹೊರಬರಲು ಇನ್ನೂ ಮೂರು ಗಂಟೆಯ ಮೇಲಿತ್ತು. ಹತ್ತಿರದ ವರ್ಕ್‌ಶಾಪಿಗೆ ಹೋದೆ. ತಮಿಳು ಮೆಕ್ಯಾನಿಕ್ ಜಾಕಿ ಕೊಟ್ಟು ಗಾಲಿಗಳನ್ನು ಕೈಯಲ್ಲಿ ತಿರುಗಿಸಿದ. ಬಲಗಾಲಿ ಸಲೀಸಾಗಿ ತಿರುಗಿತು. ಎಡದ್ದು ಅರ್ಧ ಸುತ್ತಿಗೆ ನಿಂತಿತು. ಗಾಲಿಯ ತಟ್ಟೆಗೆ ಬ್ರೇಕ್ ಪ್ಯಾಡುಗಳನ್ನು ಅದುಮುವ ಕ್ಯಾಲಿಪರ್‌ನ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಅದರ ರಬ್ಬರು ಹರಿದು ಕೆಸರುನೀರು ಹೊಕ್ಕಿತ್ತು. ನಮ್ಮ ಕಡೆಯ ಹಳ್ಳ ದಾಟಿದಾಗ ಆದದ್ದಿರಬೇಕು. ಅವನು ಪಿನ್ನು ಉಜ್ಜಿ, ಗ್ರೀಸು ಹಚ್ಚಿ, ಹೊಸ ರಬ್ಬರು, ಹೊಸ ಪ್ಯಾಡು ಹಾಕಿದ. ನಾಯಿಯ ವಿಷಯ ಹೇಳಿದೆ. ಅದನ್ನು ತನ್ನ ಅಂಗಡಿಗೆ ಕಳಿಸಿಕೊಡಿ, ಸಂಬಳ ಕೊಡುತ್ತೇನೆ ಅಂದ. ಗಮನಿಸಿದ್ದು ನನ್ನ ಹೆಂಡತಿ ಅಂದೆ. ಹಾಗಾದರೆ ಅಷ್ಟು ಸಂಬಳ ಕೊಡಲು ತನ್ನಿಂದಾಗದು ಅಂದ.

ಹೆಂಡತಿ ಬರುವ ಮುಂಚೆಯೇ ಅಂಗಳಕ್ಕೆ ಮರಳಿದ್ದೆ. ಅವಳನ್ನು ಕೂರಿಸಿ, ಶಾಲು ಹೊದೆಸಿ, ಹೊರಟೆ. ತಲೈಕುಂದಾ ದಾಟಿ ಘಾಟಿ ಇಳಿಯತೊಡಗಿದೆವು. ಸ್ಟೇರಿಂಗು ಹೂವಿನಷ್ಟು ಹಗುರ. ಎಡಕ್ಕೆ ಪ್ರಪಾತವಿದ್ದ ತಿರುವುಗಳಲ್ಲಿ ಕಾರು ನಾನು ತೋರಿಸಿದ ದಾರಿಯಲ್ಲೇ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮಲಗಿದ್ದಾಳೆ ಅಂದುಕೊಂಡೆ.

"ಸರಿ ಹೋಯ್ತಾ?" ಅಂದಳು, ಕಣ್ಣು ತೆರೆಯದೆ.

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಿಮ್ ಉಸ್ರು. ಇಷ್ಟ್ ದಿನ ಪ್ರತಿ ತಿರುವ್ನಲ್ಲೂ ಉಸ್ರು ಹಿಡೀತಿದ್ರಿ. ಇವತ್ತು ಬುಟ್ಟಿದ್ದೀರಿ."

ನಾನು ಕಾರಿನ ಸದ್ದು ಕೇಳುತ್ತಿದ್ದಷ್ಟು ದಿನವೂ ಇವಳು ನನ್ನನ್ನು ಕೇಳುತ್ತಿದ್ದಳು. ನಾಯಿಯ ಕಥೆಯನ್ನು, ಮೆಕ್ಯಾನಿಕ್ ಹೇಳಿದ ಸಂಬಳದ ಮಾತನ್ನು ಹೇಳಲು ಇನ್ನೂ ನಾಲ್ಕು ತಿರುವು ಬೇಕಾಯಿತು. ಕೇಳಿ ಮುಖ ಅರಳಿಸಿದಳು. ಆಮೇಲೆ ಅಂದಳು:

"ಮಂಗಳವಾರ ಬೆಳಿಗ್ಗೆ ನಿಮ್ಗ ದಾರಿಗೆ ಏನ್ ಕಟ್ಲಿ, ಚಿತ್ರಾನ್ನ ಆಯ್ತದಾ?"