ಹನ್ನೆರಡನೆಯ ಸಂಚಿಕೆಯಲ್ಲಿ ಏನಿತ್ತು?

"ಹೆಸರು ಬರೆಯುವುದು ಬೇಡ, ಸಹಿ ಮಾತ್ರ ಸಾಕು" ಎಂದೆ. ಅಷ್ಟಕ್ಕೇ ಆ ಹಿರಿಯ ಚಿತ್ರಕಾರರ ಮುಖ ಬಾಗಿಲು ಹಾಕಿಕೊಂಡಿತು.

ಪೆನ್ನು ಎತ್ತಿದರು. ರಕ್ಷಾಪುಟದ ಮೂಲೆಯಲ್ಲಿ ಗೀಟು ಎಳೆದಂತೆ ಸಹಿ ಮಾಡಿದರು. ಪುಸ್ತಕವನ್ನು ನನ್ನತ್ತ ತಳ್ಳಿ "ನೆಕ್ಸ್ಟ್" ಎಂದರು. ನನ್ನ ಹಿಂದೆ ಯಾರೂ ಇರಲಿಲ್ಲ.

ನಾನು ಅಮೆರಿಕದ ನನ್ನ ಊರು ಕ್ಯಾರಿಯಿಂದ ಆರು ಗಂಟೆ ಡ್ರೈವ್ ಮಾಡಿಕೊಂಡು ಅಟ್ಲಾಂಟಾಗೆ ಹೋದದ್ದು ಆ ಸಹಿಗಾಗಿ ಅಲ್ಲ. ಅವರನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಏಳು ವರ್ಷದಿಂದ ಇಟ್ಟುಕೊಂಡಿದ್ದ ಪ್ರಶ್ನೆ. ಕೇಳದೆ ವಾಪಸ್ ಬಂದೆ.

ವಾರ ವಾರ ಈ ಅಂಕಣದಲ್ಲಿ ನನ್ನನ್ನು ಓದುವವರಿಗೆ ಒಂದು ವಿಷಯ ಹೇಳಿಲ್ಲ: ನಾನು ಕಾಮಿಕ್ಸ್ ಓದುತ್ತೇನೆ. ಚಿಕ್ಕವಳಾಗಿದ್ದಾಗ ಓದಿದ್ದೆ ಎಂದಲ್ಲ, ಈಗಲೂ. ನನ್ನ ಮಂಚದ ಕೆಳಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಪ್ರತಿ ಸಂಚಿಕೆಗೂ ಒಂದೊಂದು ಪ್ಲಾಸ್ಟಿಕ್ ಕವರ್. (ಕಚೇರಿಯಲ್ಲಿ ನಾನು ಔಷಧ ಪರೀಕ್ಷೆಗಳ ವರದಿಗಳನ್ನು ತಿದ್ದುತ್ತೇನೆ. ಅಲ್ಲಿ ಯಾರಿಗೂ ಈ ಪೆಟ್ಟಿಗೆಯ ಸುದ್ದಿ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ.)

ಕ್ಯಾರಿಯ ಹತ್ತಿರದ ಡರ್ಹಮ್‌ನಲ್ಲಿ ಓದುತ್ತಿದ್ದಾಗ ಸೆಕೆಂಡ್ ಹ್ಯಾಂಡ್ ಪುಸ್ತಕದಂಗಡಿಯೊಂದರಲ್ಲಿ ಹನ್ನೊಂದು ಸಂಚಿಕೆಗಳ ಒಂದು ಕಟ್ಟು ಸಿಕ್ಕಿತ್ತು. ಹಾರುವ ನಾಯಕರಿಲ್ಲ, ಮುಖವಾಡಗಳಿಲ್ಲ. ಡ್ಯಾಮ್ ಕಟ್ಟಿದ ಮೇಲೆ ಕೆರೆಯಡಿ ಮುಳುಗಿದ ಒಂದು ಊರು. ಆದರೆ ಊರಿನವರು ಅದನ್ನು ಗಮನಿಸಿಯೇ ಇಲ್ಲ. ಕಿಟಕಿಯಾಚೆ ಮೀನುಗಳು ಹಾದುಹೋಗುತ್ತವೆ, ಒಳಗೆ ಜನ ಕಾಫಿ ಕುಡಿಯುತ್ತಾರೆ. ಅಲ್ಲಿ ಮನೆಮನೆಗೆ ಕಾಗದ ಹಂಚುವ ಪೋಸ್ಟ್‌ವುಮನ್ ಒಬ್ಬಳ ಕಥೆ ಅದು. ಹನ್ನೊಂದನೆಯ ಸಂಚಿಕೆಯ ಕೊನೆಯ ಚಿತ್ರದಲ್ಲಿ ಎಲ್ಲ ಕಾಗದಗಳನ್ನೂ ಹಂಚಿದ ಮೇಲೆ ಚೀಲದ ತಳದಲ್ಲಿ ಒಂದು ಉಳಿದಿರುತ್ತದೆ. ಅದರ ಮೇಲೆ ಇರುವುದು ಅವಳದೇ ಹೆಸರು. ಅವಳು ಲಕೋಟೆಯ ಅಂಚಿಗೆ ಬೆರಳಿಟ್ಟಿದ್ದಾಳೆ.

ಹನ್ನೆರಡನೆಯ ಸಂಚಿಕೆ ಬರಲೇ ಇಲ್ಲ. ಕಥೆ ಬರೆಯುತ್ತಿದ್ದಾತ ಟೀವಿಗೆ ಬರೆಯಲು ಹೋದ. ಪ್ರಕಾಶಕರು ಅಂಗಡಿ ಮುಚ್ಚಿದರು.

ಆ ಕಾಗದದಲ್ಲಿ ಏನಿತ್ತು? ಇಂಟರ್ನೆಟ್ಟಿನಲ್ಲಿ ಇದಕ್ಕೆಂದೇ ಒಂದು ಮೆಸೇಜ್ ಬೋರ್ಡ್ ಇದೆ. ನಾವು ಒಂದಷ್ಟು ಜನ ಸುಳ್ಳು ಹೆಸರುಗಳಲ್ಲಿ ಅಲ್ಲಿ ಸೇರುತ್ತೇವೆ. ಪ್ರೇಮಪತ್ರ ಎನ್ನುವವರಿದ್ದಾರೆ. ಸತ್ತ ತಾಯಿಯ ಪತ್ರ ಎನ್ನುವವರಿದ್ದಾರೆ. ಅದು ಖಾಲಿ ಹಾಳೆ ಎಂದು ನಾನು ನಾಲ್ಕು ಪುಟ ಬರೆದಿದ್ದೇನೆ, ಅಡಿಟಿಪ್ಪಣಿ ಸಮೇತ.

ಹಾಗಾಗಿ ಆ ಕಥೆಯ ಚಿತ್ರಕಾರರು ಈ ಸಲ ಅಟ್ಲಾಂಟಾದಲ್ಲಿ ಕಾಮಿಕ್ಸ್ ಅಭಿಮಾನಿಗಳು ವರ್ಷಕ್ಕೊಮ್ಮೆ ಸೇರುವ ಕನ್ವೆನ್ಷನ್‌ಗೆ ಬರುತ್ತಾರೆ ಎಂದು ತಿಳಿದಾಗ ಶುಕ್ರವಾರ ರಜೆ ಹಾಕಿ ಹೊರಟೆ. ಅಟ್ಲಾಂಟಾ ಪಕ್ಕದ ಡುಲುತ್‌ನಲ್ಲಿ ಐರಿನ್ ಆಂಟಿಯ ಮನೆಯಲ್ಲಿ ಉಳಿದುಕೊಂಡೆ. ಆಂಟಿ ಮಂಗಳೂರಿನವರು. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಅಮ್ಮನ ರೂಮ್‌ಮೇಟ್ ಆಗಿದ್ದವರು. ಇಪ್ಪತ್ತು ವರ್ಷದಿಂದ ಇಲ್ಲಿನ ಆಸ್ಪತ್ರೆಯೊಂದರ ಹೃದಯದ ವಾರ್ಡಿನಲ್ಲಿ ನರ್ಸ್.

"ಎಂತ ಮಾರಾಯ್ತಿ, ಒಂದು ಚಿತ್ರದ ಪುಸ್ತಕಕ್ಕೆ ಆರು ಗಂಟೆ ಡ್ರೈವಾ?" ಎಂದರು. ನಾನು ತೋರಿಸಿದ ಕಾರ್ಯಕ್ರಮ ಪಟ್ಟಿಯ ಮೇಲೆ ಕಣ್ಣಾಡಿಸಿದರು. ದನಿ ಬದಲಾಯಿತು. "ಇವ ಬರ್ತಾನಾ? ಇವ ನಮ್ಮ ಡಾಕ್ಟರ್ ಅಲ್ವಾ! ನಾನೂ ಬರ್ತೇನೆ."

ಆತ ಹಿಂದೊಮ್ಮೆ ಯಾವುದೋ ಬಾಹ್ಯಾಕಾಶ ಧಾರಾವಾಹಿಯಲ್ಲಿ ಕ್ಯಾಪ್ಟನ್ ಆಗಿದ್ದ ನಟ. ಈಗ ಆಸ್ಪತ್ರೆ ಧಾರಾವಾಹಿಯಲ್ಲಿ ಡಾಕ್ಟರ್. ಆಂಟಿ ಆ ಧಾರಾವಾಹಿಯನ್ನು ಒಂದು ವಾರವೂ ತಪ್ಪಿಸಿಲ್ಲ.

"ಅವನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು" ಎಂದರು. "ಮೂರು ವರ್ಷ ಆಯ್ತು, ಸ್ಟೆತಾಸ್ಕೋಪ್ ಉಲ್ಟಾ ಹಾಕ್ಕೊಳ್ತಾನೆ. ಒಬ್ಬರಾದ್ರೂ ಹೇಳ್ಬೇಕಲ್ಲ!"

ನಿಜ ಹೇಳುತ್ತೇನೆ, ನನಗೆ ಇಷ್ಟವಾಗಲಿಲ್ಲ. ಈ ಕನ್ವೆನ್ಷನ್ ಹಾಳಾದದ್ದೇ ಟೀವಿ ನಟರನ್ನು ನೋಡಲು ಬರುವ ಇಂಥವರಿಂದ ಎಂಬುದು ನಮ್ಮ ಮೆಸೇಜ್ ಬೋರ್ಡಿನ ಒಮ್ಮತದ ಅಭಿಪ್ರಾಯ. ನಾನು ಮೊದಲ ಸಲ ಹೋದಾಗ ದೊಡ್ಡ ಹಾಲ್ ತುಂಬ ಹಳೆಯ ಸಂಚಿಕೆಗಳ ಪೆಟ್ಟಿಗೆಗಳಿದ್ದವು. ಜನ ಅವುಗಳ ಮೇಲೆ ಬಗ್ಗಿ ಬೆರಳಿನಿಂದ ಒಂದೊಂದೇ ಸಂಚಿಕೆ ಸರಿಸುತ್ತ ನಿಂತಿರುತ್ತಿದ್ದರು. ಗಂಟೆಗಟ್ಟಲೆ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಎಂಥ ಸುಖ! ಆಮೇಲೆ ಟೀವಿಯವರು ಬಂದರು. ಸಿನಿಮಾ ಟ್ರೇಲರ್ ಬಂತು, ವಿಡಿಯೋ ಗೇಮ್ ಬಂತು. ಪ್ರತಿ ವರ್ಷ ಪೆಟ್ಟಿಗೆಗಳು ಒಂದೊಂದು ಗೋಡೆ ಹಿಂದಕ್ಕೆ ಸರಿದವು. ಈ ವರ್ಷ ಹೋಟೆಲಿನ ಬೇಸ್‌ಮೆಂಟಿಗೆ ಇಳಿದಿದ್ದವು. ಪಾರ್ಕಿಂಗ್ ಲಿಫ್ಟ್ ದಾಟಿ, ಐಸ್ ಮೆಷಿನ್ ದಾಟಿ, ಎಡಕ್ಕೆ.

ನನ್ನ ಚಿತ್ರಕಾರರು ಅಲ್ಲಿದ್ದರು. ಒಂದು ಟೇಬಲ್, ಒಂದು ಬಟ್ಟೆ, ಎರಡು ಕುರ್ಚಿ. ಕ್ಯೂ ಇಲ್ಲ.

ಮಿಕ್ಕಿದ್ದನ್ನು ಮೊದಲೇ ಹೇಳಿದೆ. ಆದರೆ ಹೆಸರಿನ ವಿಷಯ ಬಿಡಿಸಿ ಹೇಳಬೇಕು. ಈಗ ಆನ್‌ಲೈನ್ ಹರಾಜಿನಲ್ಲಿ ಮಾರುವವರು ಕಟ್ಟುಗಟ್ಟಲೆ ಪುಸ್ತಕ ತಂದು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅವರಿಗೆ ಬರಿಯ ಸಹಿ ಬೇಕು. 'ಇಂಥವರಿಗೆ, ಪ್ರೀತಿಯಿಂದ' ಎಂದು ಬರೆದುಬಿಟ್ಟರೆ ಆ ಪ್ರತಿಯನ್ನು ಬೇರೆ ಯಾರು ಕೊಳ್ಳುತ್ತಾರೆ? ಹಾಗಾಗಿ ಚಿತ್ರಕಾರರು ಮೊದಲು ಹೆಸರು ಕೇಳುತ್ತಾರೆ. ಅದು ಸೌಜನ್ಯವಲ್ಲ, ಪರೀಕ್ಷೆ. ಹೆಸರು ಹೇಳಿದವರು ಓದುಗರು, ಬೇಡ ಎಂದವರು ವ್ಯಾಪಾರಿಗಳು.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬೇಡ ಎಂದೆ. ಯಾಕೆ?

ನನ್ನ ಹೆಸರಿನಲ್ಲಿ ಇಂಗ್ಲಿಷಿನ ಹದಿಮೂರು ಅಕ್ಷರಗಳಿವೆ. ಏಳು ವರ್ಷ ಅದನ್ನು ಬ್ಯಾಂಕಿಗೆ, ಡಾಕ್ಟರಿಗೆ, ಗ್ಯಾಸ್ ಕಂಪನಿಗೆ ಒಂದೊಂದೇ ಅಕ್ಷರವಾಗಿ ಒಪ್ಪಿಸಿ ಸಾಕಾಗಿದೆ. ಕಾಫಿ ಅಂಗಡಿಯಲ್ಲಿ ನನ್ನ ಹೆಸರು ಬರಿ 'ಆನ್'. ಯಾರು ಹೆಸರು ಕೇಳಿದರೂ ಬಾಯಿ ತಾನಾಗಿಯೇ 'ಬೇಡ, ಪರವಾಗಿಲ್ಲ' ಎನ್ನುತ್ತದೆ. ಅವತ್ತೂ ಅಂದಿತು. ಅಂದ ಮರುಕ್ಷಣವೇ ತಪ್ಪು ತಿಳಿಯಿತು. ಆದರೂ ತಿದ್ದಿಕೊಳ್ಳದೆ ವ್ಯಾಪಾರಿಯಂತೆ ಪುಸ್ತಕ ಎತ್ತಿಕೊಂಡು ಹೊರಬಿದ್ದೆ.

ಮಧ್ಯಾಹ್ನ ಮೂರಕ್ಕೆ ಕೆಫೆಟೇರಿಯಾದಲ್ಲಿ ಆಂಟಿ ಸಿಕ್ಕರು. ಕೆಂಪು ಸ್ವೆಟರ್, ಕೈಯಲ್ಲಿ ಒಂದು ಮಡಿಸಿದ ಹಾಳೆ.

"ಡಾಕ್ಟರ್ ಸಿಕ್ಕಿದ್ರಾ ಆಂಟಿ?"

"ಸಿಕ್ಕಿದ. ಹೇಳಿದೆ. 'ಥ್ಯಾಂಕ್ ಯೂ ಡಾರ್ಲಿಂಗ್' ಅಂತ ಹೇಳಿ ನೆಕ್ಸ್ಟ್‌ನವರನ್ನು ಕರೆದ. ಇನ್ನೂ ಉಲ್ಟಾವೇ ಹಾಕ್ಕೊಳ್ತಾನೆ ನೋಡು." ಕಾಲು ಚಾಚಿ ಕೂತರು. "ಎರಡು ಗಂಟೆಗೆ ಬನ್ನಿ ಅಂತ ಟೋಕನ್ ಕೊಟ್ಟಿದ್ರು. ಅಲ್ಲಿವರೆಗೆ ಕೂತ್ಕೊಳ್ಳುವಾ ಅಂದ್ರೆ ಇಡೀ ಹೋಟೆಲಲ್ಲಿ ಒಂದು ಕುರ್ಚಿ ಇಲ್ಲ. ಕೆಳಗೆ ಒಬ್ಬ ಮುದುಕನ ಟೇಬಲ್ ಹತ್ರ ಖಾಲಿ ಇತ್ತು. ಪಾಪ, ಯಾರೂ ಬರುವುದಿಲ್ಲ ಅವನ ಹತ್ರ. ಕೂತ್ಕೊಳ್ಬಹುದಾ ಅಂತ ಕೇಳಿದೆ."

ನನ್ನ ಕೈಯ ಕಾಫಿ ಅಲ್ಲೇ ನಿಂತಿತು. "ಯಾವ ಮುದುಕ ಆಂಟಿ?"

"ಪೋಸ್ಟ್‌ವುಮನ್ ಚಿತ್ರ ಮಾಡಿದವ. ನಿನ್ನ ಪುಸ್ತಕದವನೇ ಇರ್ಬೇಕಲ್ಲ? ಒಳ್ಳೆ ಜನ. ಅವನ ಹೆಂಡತಿಗೆ ಬೈಪಾಸ್ ಆಗಿದೆ, ಮಾತ್ರೆ ವಿಷಯ ಎಲ್ಲ ಕೇಳಿದ. ಆಮೇಲೆ ಈ ಕಥೆ ಎಂತದು ಅಂತ ನಾನು ಕೇಳಿದೆ. ಪೂರ್ತಿ ಹೇಳಿದ. ಕಾಗದದಲ್ಲಿ ಎಂತ ಉಂಟು ಅಂತ ಕೇಳಿದ್ರೆ, ಗೊತ್ತಿಲ್ಲ ಅಂದ!"

"ಗೊತ್ತಿಲ್ವಂತಾ?"

"ಕಥೆ ಬರೆಯುವವ ಅವನಿಗೂ ಹೇಳ್ಲಿಲ್ಲವಂತೆ. ಬರಿ ಲಕೋಟೆ ಬಿಡಿಸು ಅಂದಿದ್ನಂತೆ. ನೀವು ಹೇಳಿ, ಎಂತ ಇರ್ಬಹುದು ಅಂತ ನನ್ನನ್ನೇ ಕೇಳಿದ. ಎಂತ ಇರ್ತದೆ? ಡ್ಯಾಮ್ ಕಟ್ಟಿದ್ದು ಅಲ್ವಾ? ಮನೆ ಖಾಲಿ ಮಾಡ್ಲಿಕ್ಕೆ ನೋಟೀಸ್! ಊರಿಗೆಲ್ಲ ಒಂದೇ ನೋಟೀಸ್ ಕಳಿಸಿದ್ದಾರೆ, ಪೋಸ್ಟ್ ಆಫೀಸ್ ವಿಳಾಸಕ್ಕೆ. ಮೇಲೆ ಅವಳ ಹೆಸರು ಉಂಟು. ಅವಳು ಎಲ್ಲರದ್ದೂ ಕೊಟ್ಟು ತನ್ನದನ್ನು ಕೊನೆಗೆ ನೋಡುವಾ ಅಂತ ಇಟ್ಟುಕೊಂಡಿದ್ದಾಳೆ. ಓದ್ಲೇ ಇಲ್ಲ. ಮತ್ತೆ ಊರಿನವರಿಗೆ ಹೇಗೆ ಗೊತ್ತಾಗ್ಬೇಕು ಮುಳುಗಿದ್ದು?"

ಹನ್ನೊಂದು ಸಂಚಿಕೆಗಳೂ ತಲೆಯೊಳಗೆ ಸಾಲಾಗಿ ತಿರುಗಿದವು. ಮೀನು, ಕಾಫಿ, ಯಾರೂ ಗಮನಿಸದ ನೀರು. ಪ್ರತಿ ಸಂಚಿಕೆಯಲ್ಲೂ ಅವಳು ಅನ್ನುವ ಮಾತು: 'ಮೊದಲು ನಿಮ್ಮದು.' ಎಲ್ಲ ಕೂಡಿಕೊಂಡಿತು. ನನ್ನ ನಾಲ್ಕು ಪುಟದ ಖಾಲಿ ಹಾಳೆ ಖಾಲಿಯಾಗಿಯೇ ಉಳಿಯಿತು.

"ಅವರೇನಂದ್ರು ಆಂಟಿ?"

"ಮೊದಲು ನಗಾಡಿದ. ಮತ್ತೆ 'ನನಗೂ ಈ ವಾರ ಅಂಥದ್ದೇ ಒಂದು ಬಂತು' ಅಂದ. ಮುಂದಿನ ವರ್ಷ ಆ ಬೇಸ್‌ಮೆಂಟ್ ಗೇಮ್‌ನವರಿಗಂತೆ, ಚಿತ್ರದವರಿಗೆ ಟೇಬಲ್ ಇಲ್ಲವಂತೆ. ಮತ್ತೆ ಇದು ಮಾಡಿ ಕೊಟ್ಟ."

ಹಾಳೆ ಬಿಡಿಸಿದರು. ಕಾರ್ಯಕ್ರಮ ಪಟ್ಟಿಯ ಹಿಂಬದಿ. ಪೋಸ್ಟ್‌ವುಮನ್ ಟೇಬಲಿನ ಮುಂದೆ ಕೂತಿದ್ದಾಳೆ. ನೋಟೀಸು ಬಿಡಿಸಿದೆ. ಮೊದಲ ಸಲ ತಲೆಯೆತ್ತಿ ಮೇಲಿನ ನೀರನ್ನು ನೋಡುತ್ತಿದ್ದಾಳೆ. ಕೆಳಗೆ 'ಐರಿನ್‌ಗೆ, ಪ್ರೀತಿಯಿಂದ.'

"ಬೇಕಾದ್ರೆ ನೀನೇ ಇಟ್ಕೋ" ಎಂದರು ಆಂಟಿ. ಬೇಡ ಎಂದೆ. ಈ ಸಲ ಯೋಚಿಸಿ ಅಂದದ್ದು. ಅದು ನನಗೆ ಬರೆದದ್ದಲ್ಲ.

ಎದ್ದು ಮತ್ತೆ ಬೇಸ್‌ಮೆಂಟಿಗೆ ಹೋದೆ. ಅವರು ಪೆನ್ನುಗಳನ್ನು ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ನನ್ನನ್ನು ಗುರುತಿಸಿದರು, ಖುಷಿಯಿಂದಲ್ಲ. ಬೆಳಿಗ್ಗೆ ಸಹಿ ಮಾಡಿದ ಪುಸ್ತಕ ಮುಂದಿಟ್ಟೆ.

"ಸಹಿಯ ಮೇಲೆ ನನ್ನ ಹೆಸರು ಬರೆದುಕೊಡುತ್ತೀರಾ?"

"ಬೆಲೆ ಬಿದ್ದುಹೋಗುತ್ತದೆ" ಎಂದರು.

"ಬೀಳಲಿ."

ಹದಿಮೂರು ಅಕ್ಷರ ಒಪ್ಪಿಸಿದೆ. ಒಂದೊಂದನ್ನೂ ನಿಧಾನವಾಗಿ ಬರೆದರು. ಏಳನೆಯದು ತಪ್ಪಿತು, ತಿದ್ದಿದರು. ಮುಗಿಸಿ ತಲೆಯೆತ್ತಿ, ಏನಾದರೂ ಕೇಳುವುದಿದೆಯೇ ಎಂದರು. ಇತ್ತು, ಉತ್ತರ ಸಿಕ್ಕಿತು ಎಂದೆ. ನಿಮ್ಮ ಪೋಸ್ಟ್‌ವುಮನ್ ಏಳು ವರ್ಷ ನನ್ನ ಜೊತೆಗಿದ್ದಳು ಎಂದೂ ಹೇಳಿದೆ. ಜೋರಾಗಿಯೇ ಹೇಳಿದೆನೇನೋ. ಪಕ್ಕದ ಟೇಬಲಿನವರು ತಿರುಗಿ ನೋಡಿದರು.

ಡುಲುತ್‌ಗೆ ಮರಳುವ ದಾರಿಯಲ್ಲಿ ಯೋಚಿಸಿದೆ. ಕನ್ವೆನ್ಷನ್‌ನಲ್ಲಿ ಕಾಮಿಕ್ಸ್‌ಗೆ ಜಾಗವಿಲ್ಲ ಎಂದು ನಾವು ದೂರುತ್ತೇವೆ. ದೂರಿನಲ್ಲಿ ಸುಳ್ಳಿಲ್ಲ. ಟೀವಿ ನಟರ ಮುಂದೆ ಇನ್ನೂರು ಜನ, ಚಿತ್ರಕಾರರ ಮುಂದೆ ಖಾಲಿ ಕುರ್ಚಿ. ಆದರೆ ಆ ಕುರ್ಚಿ ಬೆಳಿಗ್ಗೆ ಹತ್ತರಿಂದ ನನಗೂ ಖಾಲಿಯಿತ್ತಲ್ಲ? ಅವರ ಹೆಂಡತಿಗೆ ಬೈಪಾಸ್ ಆಗಿದೆ ಎಂದು ನಮ್ಮ ಬೋರ್ಡಿನಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ? ಅವರು ಯಾವ ನಂಬರಿನ ಬ್ರಷ್ ಬಳಸುತ್ತಾರೆ ಎಂಬುದರ ಮೇಲೆ ಮಾತ್ರ ನಮ್ಮಲ್ಲಿ ಒಂದು ತಿಂಗಳ ಚರ್ಚೆ ನಡೆದಿದೆ.

ಸೋಮವಾರ ಕ್ಯಾರಿಗೆ ಮರಳಿ ಮೆಸೇಜ್ ಬೋರ್ಡ್ ತೆರೆದೆ. ಪ್ರತಿ ವರ್ಷದ ಚರ್ಚೆ ಆಗಲೇ ಶುರುವಾಗಿತ್ತು: 'ಟೀವಿ ನೋಡುವವರನ್ನು ಒಳಗೆ ಬಿಟ್ಟದ್ದೇ ತಪ್ಪು.' ನಾನು ಅಲ್ಲಿ ಸಾಮಾನ್ಯವಾಗಿ ಎರಡು ಪ್ಯಾರಾ ಸೇರಿಸುತ್ತೇನೆ. ಈ ಸಲ ಸೇರಿಸಲಿಲ್ಲ. ಬದಲಿಗೆ ಖಾಲಿ ಮಾಡುವ ನೋಟೀಸಿನ ವಿಷಯವನ್ನು ಆಂಟಿ ಹೇಳಿದ ಹಾಗೆಯೇ ಬರೆದು ಹಾಕಿದೆ. ಇದು ಒಬ್ಬರ ಊಹೆ, ಚಿತ್ರಕಾರರು ಒಪ್ಪಿದ್ದಾರೆ ಎಂದೆ. ಯಾರ ಊಹೆ ಎಂದು ಹೇಳಲಿಲ್ಲ.

ಆಮೇಲೆ ಒಂದರ ಹಿಂದೊಂದು ಉತ್ತರಗಳು. ಪ್ರೇಮಪತ್ರದವರು ಸೋಲೊಪ್ಪಿಕೊಂಡರು, ಸತ್ತ ತಾಯಿಯವರೂ. ನಮ್ಮಲ್ಲಿ ಅತಿ ಹಿರಿಯರಾದ ಒಬ್ಬರು ಹೀಗೆ ಬರೆದರು: 'ನೋಡಿ, ಹೊರಗಿನವರಿಗೆ ಇದು ಈ ಜನ್ಮದಲ್ಲಿ ಹೊಳೆಯುವುದಿಲ್ಲ. ಹನ್ನೊಂದು ಸಂಚಿಕೆಗಳನ್ನೂ ಅರೆದು ಕುಡಿದವರಿಗೆ ಮಾತ್ರ ಇದು ಸಾಧ್ಯ.'

ಐರಿನ್ ಆಂಟಿ ಇವತ್ತಿನವರೆಗೂ ಅದರ ಒಂದು ಸಂಚಿಕೆಯನ್ನೂ ಓದಿಲ್ಲ.